ಬದುಕಿರುವಾಗಲೇ ಸಲ್ಲಬೇಕಾದ ಮೆಚ್ಚುಗೆ

ಮತ್ತೊಬ್ಬರ ಕೆಲಸದಲ್ಲಿ ಅಥವಾ ನಡತೆಯಲ್ಲಿ ಕಂಡ ಒಳ್ಳೆಯದನ್ನು ಕಂಡ ಹಾಗೆಯೇ, ಅದಕ್ಕೆ ಕಾರಣರಾದವರ ಕಿವಿಗೆ ಬೀಳುವಂತೆ ಹೇಳುವುದು ಮೆಚ್ಚುಗೆಯ ಮಾತು ಎನಿಸುತ್ತದೆ. ಮೇಲ್ನೋಟಕ್ಕೆ ಇದನ್ನೇ ಹೋಲುವ ಇನ್ನೊಂದು ಬಗೆಯ ಮಾತು ಮುಖಸ್ತುತಿ. ಎದುರಿಗಿರುವವರಿಂದ ಆಗಬೇಕಾದ ಕೆಲಸವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು, ಅವರಲ್ಲಿ ಇರುವುದಕ್ಕೆ ಇಲ್ಲದ್ದನ್ನೂ ಸೇರಿಸಿ ಹೊಗಳುವುದು ಅದರ ಲಕ್ಷಣ. ಬೆಣ್ಣೆ ಹಚ್ಚುವುದು, ಹೊಗಳಿ ಅಟ್ಟಕ್ಕೇರಿಸುವುದು, ಬಹುಪರಾಕು ಹೇಳುವುದು ಎಂದು ಜನ ಲೇವಡಿ ಮಾಡುವುದು ಈ ಎರಡನೆಯ ಬಗೆಯನ್ನು. ಮುಖಸ್ತುತಿಯ ವಿಷಯದಲ್ಲಿ ಕನ್ನಡ ಸಮಾಜಕ್ಕಿರುವ ಎಚ್ಚರ ಒಳ್ಳೆಯದೇ. ಆದರೆ ಆ ಎಚ್ಚರ ಅತಿಯಾಗಿ, ನಿಜವಾದ ಮೆಚ್ಚುಗೆಯೂ ಗಂಟಲಲ್ಲೇ ಉಳಿದುಹೋಗುವುದು ಮನೆ, ಶಾಲೆ, ಕಚೇರಿ, ಕಾರ್ಖಾನೆಗಳಲ್ಲೆಲ್ಲ ಕಾಣುತ್ತದೆ. ಮೆಚ್ಚುಗೆಯನ್ನು ಯಾರಿಗೆ, ಯಾವಾಗ, ಹೇಗೆ ಹೇಳಬೇಕು ಎಂಬುದನ್ನು ವಿಚಾರ ಮಾಡಲು ಬೆಂಗಳೂರಿನ ಹೆಬ್ಬಾಳ, ಯಲಹಂಕ, ಯಶವಂತಪುರಗಳ ಹಳೆಯ ಕಲ್ಲುಗಳೂ ಇಂದಿನ ಬದುಕೂ ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತವೆ.

ಈ ಹಿಂಜರಿಕೆಗೆ ಮೂರು ಬೇರುಗಳನ್ನು ಗುರುತಿಸಬಹುದು. ಮೊದಲನೆಯದು ನೀತಿಗೆ ಸಂಬಂಧಿಸಿದ್ದು. 12ನೆಯ ಶತಮಾನದ ಬಸವಣ್ಣನವರು ತಮ್ಮ ಒಂದು ವಚನದಲ್ಲಿ, ತಮ್ಮವರೇ ಒಲವಿನಿಂದ ಮಾಡಿದ ಹೊಗಳಿಕೆಯನ್ನು ಬಂಗಾರದ ಶೂಲಕ್ಕೆ ಸಮನಾಗಿ ಕಂಡಿದ್ದಾರೆ. ಹೊಗಳಿಕೆ ಕೇಳಿ ಅಹಂಕಾರ ತಲೆಗೇರಿದರೆ ಸಾಧಕನ ಕಥೆ ಮುಗಿದಂತೆ ಎಂಬುದು ಅಲ್ಲಿನ ಆತಂಕ. ಎರಡನೆಯದು ದೃಷ್ಟಿಯ ಭಯ. ಮಗು ಲಕ್ಷಣವಾಗಿದೆ, ದುಂಡಗಿದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಿದರೆ ಕಣ್ಣು ಬೀಳುತ್ತದೆ ಎಂದು ನಂಬಿದ ಮನೆಗಳಲ್ಲಿ, ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಡುವುದೂ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸುವುದೂ ಇಂದಿಗೂ ನಡೆದಿದೆ. ಮೂರನೆಯದು, ಹಿರಿಯರ ಬಾಯಲ್ಲಿ ಉಳಿದುಬಂದಿರುವ ಒಂದು ಸಂಸ್ಕೃತ ಸುಭಾಷಿತ. ಗುರುಗಳನ್ನು ಎದುರಿನಲ್ಲಿ ಹೊಗಳಬೇಕು, ಗೆಳೆಯರನ್ನೂ ನೆಂಟರನ್ನೂ ಬೆನ್ನ ಹಿಂದೆ ಹೊಗಳಬೇಕು, ಆಳುಗಳನ್ನು ಕೆಲಸ ಮುಗಿದ ಮೇಲೆ ಹೊಗಳಬೇಕು, ಮಕ್ಕಳನ್ನು ಹೊಗಳಲೇಬಾರದು, ಹೆಂಗಸರನ್ನು ಅವರು ಸತ್ತ ಮೇಲೆ ಹೊಗಳಬೇಕು ಎಂಬುದು ಅದರ ತಾತ್ಪರ್ಯ.

ಈ ಸುಭಾಷಿತದಲ್ಲಿ ಲೋಕಜ್ಞಾನ ಇಲ್ಲದಿಲ್ಲ. ಗೆಳೆಯನನ್ನು ಅವನಿಲ್ಲದ ಕಡೆ ಹೊಗಳುವುದರಲ್ಲಿ ಸ್ವಾರ್ಥ ಇರಲಾರದು, ಮಾಡಿದ ಕೆಲಸವನ್ನು ಅದು ಪೂರ್ತಿಯಾದ ಮೇಲೆ ಅಳೆಯುವುದು ನ್ಯಾಯವೂ ಹೌದು. ಆದರೂ ಇಡೀ ಪಟ್ಟಿಯನ್ನು ಒಟ್ಟಿಗೆ ನೋಡಿದರೆ, ಎದುರಿಗೆ ಕೂತು ಮೆಚ್ಚುಗೆ ಕೇಳುವ ಅವಕಾಶ ಗುರುಗಳಿಗೂ ಆಳುಗಳಿಗೂ ಮಾತ್ರ ಉಳಿದು, ಆಳಿಗೆ ಅದು ಕೂಲಿಯ ಜೊತೆಗಿನ ಕೊಸರಿನಂತೆ ಸಿಕ್ಕಿ, ದಿನವೂ ಒಂದೇ ಸೂರಿನ ಕೆಳಗೆ ಇರುವ ಹೆಂಡತಿ, ತಾಯಿ, ಸೊಸೆ, ಮಕ್ಕಳು ಪೂರ್ತಿಯಾಗಿ ಹೊರಗುಳಿಯುತ್ತಾರೆ. ಅತಿ ಹತ್ತಿರದವರಿಗೆ ಅತಿ ತಡವಾಗಿ ಮೆಚ್ಚುಗೆ ಸಲ್ಲಿಸುವ ಈ ರೂಢಿ ಪುಸ್ತಕದಲ್ಲಷ್ಟೇ ಉಳಿದದ್ದಲ್ಲ. ಯಲಹಂಕ ನಾಡಪ್ರಭುಗಳ ಮನೆತನದ ಕಥೆಯೇ ಇದಕ್ಕೆ ಸಾಕ್ಷಿ: ಬೆಂಗಳೂರು ಕೋಟೆಯ ಬಾಗಿಲು ಮತ್ತೆ ಮತ್ತೆ ಕುಸಿಯುತ್ತಿದ್ದಾಗ ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿ ತನ್ನನ್ನೇ ಬಲಿಗೊಟ್ಟುಕೊಂಡಳೆಂದು ಐತಿಹ್ಯ ಹೇಳುತ್ತದೆ. ಆಕೆಯದೆಂದು ಹೇಳುವ ಸಮಾಧಿ ಕೋರಮಂಗಲದಲ್ಲಿದ್ದು ಗೌರವ ಪಡೆಯುತ್ತಿದೆಯಾದರೂ, ಬದುಕಿದ್ದಾಗ ಆ ಸೊಸೆಗೆ ಯಾರು ಯಾವ ಒಳ್ಳೆಯ ಮಾತು ಹೇಳಿದ್ದರು ಎಂಬುದನ್ನು ಐತಿಹ್ಯ ಜ್ಞಾಪಕದಲ್ಲಿ ಇಟ್ಟುಕೊಂಡಿಲ್ಲ.

ಸತ್ತವರನ್ನು ಮೆಚ್ಚುವ ಕಲೆಯಲ್ಲಿ ಕನ್ನಡನಾಡು ಎಷ್ಟು ನುರಿತಿತ್ತೆಂಬುದಕ್ಕೆ ವೀರಗಲ್ಲುಗಳೇ ಉದಾಹರಣೆ. ಊರಿಗಾಗಿ, ದನಕರುಗಳ ರಕ್ಷಣೆಗಾಗಿ ಅಥವಾ ಒಡೆಯನಿಗಾಗಿ ಹೋರಾಡಿ ಮಡಿದವನ ನೆನಪಿಗೆ ನಿಲ್ಲಿಸಿದ, ಚಿತ್ರವೂ ಕೆಲವೊಮ್ಮೆ ಬರಹವೂ ಇರುವ ಕಲ್ಲನ್ನು ವೀರಗಲ್ಲು ಎನ್ನುತ್ತಾರೆ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಇಂಥ ಒಂದು ಕಲ್ಲನ್ನು ಲಿಪಿಯ ಆಧಾರದ ಮೇಲೆ ಕ್ರಿ.ಶ. 750ರ ಸುಮಾರಿನದೆಂದು ವಿದ್ವಾಂಸರು ನಿರ್ಧರಿಸಿದ್ದು, ಬೆಂಗಳೂರು ನಗರದಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಅದು ಅತ್ಯಂತ ಹಳೆಯದೆಂದು ಪರಿಗಣಿತವಾಗಿದೆ. ಗಂಗ ದೊರೆ ಶ್ರೀಪುರುಷ ಆಳುತ್ತಿದ್ದ ಕಾಲದಲ್ಲಿ, ಹೆಬ್ಬಾಳದ ಹಳೆಯ ರೂಪವಾದ ಪೆರ್ಬೊಳಲ್ ಹೆಸರಿನ ನಾಡಿನಲ್ಲಿ, ರಟ್ಟವಾಡಿಯವರು ಎಂದರೆ ರಾಷ್ಟ್ರಕೂಟರ ಕಡೆಯವರು ಮೇಲೆ ಬಿದ್ದಾಗ ಕಿತ್ತಯ್ಯನೆಂಬಾತ ಕಾದಾಡಿ ಮಡಿದನೆಂಬುದು ಅದರ ವಿಷಯ. ಆತ ದೊರೆಯಲ್ಲ, ಕವಿಯೂ ಅಲ್ಲ. ಆದರೂ ಹನ್ನೆರಡು ಶತಮಾನಗಳು ಕಳೆದ ಮೇಲೆ ಆತನ ಹೆಸರು, ಊರು, ಮಾಡಿದ ಕೆಲಸ ಮೂರೂ ಉಳಿದಿವೆ.

ಆ ಕಲ್ಲಿನ ಬರಹದ ಬಗೆಯನ್ನು ಅರಸರ ಪ್ರಶಸ್ತಿಯ ಜೊತೆ ಹೋಲಿಸಿ ನೋಡುವುದು ಉಪಯುಕ್ತ. ಶಾಸನಗಳಲ್ಲಿ ಪ್ರಶಸ್ತಿ ಎಂದರೆ ದಾನದ ವಿವರಕ್ಕೆ ಮೊದಲು ಬರುವ, ಅರಸನ ವಂಶವನ್ನೂ ಬಿರುದುಗಳನ್ನೂ ಸಾಲುಸಾಲಾಗಿ ಹೊಗಳುವ ಭಾಗ. ಒಬ್ಬ ಅರಸನ ಪ್ರಶಸ್ತಿಯಿಂದ ಬಿರುದುಗಳನ್ನು ತೆಗೆದು ಇನ್ನೊಬ್ಬನಿಗೆ ಹಚ್ಚಿದರೂ ಬಹಳಷ್ಟು ಕಡೆ ವ್ಯತ್ಯಾಸ ತಿಳಿಯದು. ಎಲ್ಲರೂ ಶತ್ರುಗಳಿಗೆ ಸಿಂಹಗಳೇ, ಬೇಡಿದವರಿಗೆ ಕಲ್ಪವೃಕ್ಷಗಳೇ. ಊರಿನವರು ನಿಲ್ಲಿಸಿದ ವೀರಗಲ್ಲಿನ ಮಾತನ್ನು ಹಾಗೆ ಇನ್ನೊಬ್ಬನಿಗೆ ವರ್ಗಾಯಿಸಲು ಬರುವುದಿಲ್ಲ, ಏಕೆಂದರೆ ಅದು ಇಂಥವನು ಇಂಥಲ್ಲಿ ಇಂಥದ್ದನ್ನು ಮಾಡಿದ ಎಂದಷ್ಟೇ ಹೇಳುತ್ತದೆ, ಕಣ್ಣಾರೆ ಕಂಡವರು ಸುತ್ತಲೂ ಇದ್ದುದರಿಂದ ಹೆಚ್ಚಿಗೆ ಹೇಳುವ ಹಾಗೂ ಇರಲಿಲ್ಲ. ನಿಜವಾದ ಮೆಚ್ಚುಗೆಗೂ ಮುಖಸ್ತುತಿಗೂ ಇರುವ ಅಂತರ ಇದೇ ಆಗಿದೆ: ಮೊದಲನೆಯದು ಸಾಕ್ಷಿಯ ಹೇಳಿಕೆ, ಎರಡನೆಯದು ಯಾರ ಮೈಗಾದರೂ ಹಿಡಿಸುವ ಅಂಗಿ.

ಮೆಚ್ಚುಗೆಗೆ ಲಾಭದ ಲೆಕ್ಕ ಇರಬೇಕಾಗಿಲ್ಲ ಎಂಬುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿರುವ 10ನೆಯ ಶತಮಾನದ ಕಲ್ಲು ಒಳ್ಳೆಯ ನಿದರ್ಶನ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ, ಮೆಚ್ಚಿದ್ದೇನೆ, ಬೇಕಾದದ್ದನ್ನು ಕೇಳು ಎಂದಾಗ, ಆತ ಹೊನ್ನನ್ನಾಗಲಿ ಹಳ್ಳಿಗಳನ್ನಾಗಲಿ ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ದೊಡ್ಡ ಕಾಡುಹಂದಿಯೊಂದರ ಜೊತೆ ಹೋರಾಡಿ, ಎರಡೂ ಸತ್ತಾಗ, ನಾಯಿಯ ನೆನಪಿಗೆ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಡಲಾಯಿತು. ಹೊಗಳಿದ್ದನ್ನು ಕೇಳಿಸಿಕೊಂಡು ಪ್ರತಿಫಲ ಕೊಡಲು ನಾಯಿಗೆ ಸಾಧ್ಯವಿರಲಿಲ್ಲ. ಆ ಕಾರಣಕ್ಕೇ ಅಲ್ಲಿನ ಮೆಚ್ಚುಗೆಯ ಪ್ರಾಮಾಣಿಕತೆಯನ್ನು ಯಾರೂ ಶಂಕಿಸುವಂತಿಲ್ಲ.

ಬದುಕಿದ್ದವರನ್ನು, ಅದರಲ್ಲೂ ಬದುಕಿದ್ದ ಹೆಣ್ಣನ್ನು, ಹೆಸರು ಹಿಡಿದು ಮೆಚ್ಚಿದ ಸಂಪ್ರದಾಯವೂ ಕನ್ನಡದಲ್ಲಿ ಇಲ್ಲದಿಲ್ಲ. ರನ್ನ ಕವಿ 993ರ ತನ್ನ ಅಜಿತಪುರಾಣದಲ್ಲಿ ತನಗೆ ಆಶ್ರಯ ಕೊಟ್ಟ ಅತ್ತಿಮಬ್ಬೆಯನ್ನು ಕೊಂಡಾಡಿದ್ದಾನೆ. ಆಶ್ರಯ ಕೊಟ್ಟವರನ್ನು ಕವಿ ಹೊಗಳುವುದರಲ್ಲಿ ವಿಶೇಷವೇನೂ ಇಲ್ಲ ಎನ್ನಬಹುದು; ಆದರೆ ದಾನಚಿಂತಾಮಣಿ ಎಂಬ ಬಿರುದಿಗಿಂತಲೂ ಜನಮನದಲ್ಲಿ ಗಟ್ಟಿಯಾಗಿ ನಿಂತಿರುವುದು, ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಒಂದೇ ಸಂಗತಿ. ಮುದ್ರಣವಿಲ್ಲದ ಕಾಲದಲ್ಲಿ ಓಲೆಗರಿಯ ಮೇಲೆ ಕಂಠವೆಂಬ ಮೊನೆಯ ಕಡ್ಡಿಯಿಂದ ಒಂದೊಂದೇ ಅಕ್ಷರ ಕೊರೆಸಿ ಸಾವಿರ ಪ್ರತಿ ಮಾಡಿಸುವುದೆಂದರೆ ಏನೆಂದು ಊಹಿಸಬಲ್ಲವರಿಗೆ, ಬೇರೆ ಯಾವ ವಿಶೇಷಣವೂ ಬೇಕಾಗುವುದಿಲ್ಲ. ದೊಡ್ಡ ಪದಗಳು ಮಾಸುತ್ತವೆ, ಖಚಿತವಾದ ವಿವರ ಉಳಿಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಲ್ಲು ಮತ್ತು ಓಲೆಗರಿ ಕಲಿಸುವ ಈ ಪಾಠವನ್ನು ಅಡುಗೆಮನೆಗೆ ತಂದು ನೋಡಬಹುದು. ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರ ಸೀಮೆಯ ಮನೆಗಳಲ್ಲಿ ರಾಗಿ ಮುದ್ದೆ ದಿನದ ಊಟ. ಕುದಿಯುವ ನೀರಿಗೆ ಹಿಟ್ಟು ಹಾಕಿ, ಅದು ತಳ ಹಿಡಿಯದಂತೆ ಹದವಾಗಿ ಬೇಯಿಸಿ, ಮುದ್ದೆ ಕೋಲಿನಿಂದ ಬಲವಾಗಿ ತಿರುವಿ, ಕೈ ಸುಡುವ ಬಿಸಿಯಲ್ಲೇ ಉಂಡೆ ಕಟ್ಟಬೇಕು. ನೀರು ಹೆಚ್ಚಾದರೆ ಅಂಟುತ್ತದೆ, ಕಡಿಮೆಯಾದರೆ ಬಿರುಕು ಬಿಡುತ್ತದೆ, ತಿರುವುವುದು ಸಾಲದಾದರೆ ಒಳಗೆ ಹಸಿ ಹಿಟ್ಟಿನ ಗಂಟು ಉಳಿಯುತ್ತದೆ. ಗಂಟು ಸಿಕ್ಕ ದಿನ ಊಟಕ್ಕೆ ಕೂತವರೆಲ್ಲರೂ ಅದನ್ನು ಎತ್ತಿ ಆಡುತ್ತಾರೆ, ಸಿಗದ ಉಳಿದೆಲ್ಲ ದಿನಗಳಲ್ಲಿ ತಟ್ಟೆ ಖಾಲಿ ಮಾಡಿ ಎದ್ದುಹೋಗುತ್ತಾರೆ. ಊಟ ಚೆನ್ನಾಗಿತ್ತು ಎಂಬ ಮಾತು ಇಂಥಲ್ಲಿ ಉಪಚಾರವಷ್ಟೇ ಆದೀತು. ಮುದ್ದೆಯಲ್ಲಿ ಒಂದು ಗಂಟೂ ಇಲ್ಲ, ಬಸ್ಸಾರಿಗೆ ಇವತ್ತು ಹುಳಿ ಸರಿಯಾಗಿ ಹಿಡಿದಿದೆ ಎಂದರೆ, ತಿರುವಿದ ತೋಳಿನ ಶ್ರಮವನ್ನೂ ನಾಲಿಗೆಯ ಅಂದಾಜನ್ನೂ ತಿಂದವರು ಗಮನಿಸಿದ್ದಾರೆಂದು ಅಡುಗೆ ಮಾಡಿದವರಿಗೆ ತಿಳಿಯುತ್ತದೆ. ಮೆಚ್ಚುಗೆಯ ಬೆಲೆ ಇರುವುದು ಗಮನದಲ್ಲಿ. ಮಾತು ಆ ಗಮನಕ್ಕೆ ರಸೀದಿ ಇದ್ದ ಹಾಗೆ.

ಗಮನದ ಇದೇ ತತ್ವವನ್ನು ಬಾನುಲಿಯ ಲೋಕ ಬಹಳ ಹಿಂದೆಯೇ ಒಂದು ಕ್ರಮವಾಗಿ ರೂಢಿಸಿಕೊಂಡಿದೆ. ಯಲಹಂಕದಲ್ಲಿ 1990ರ ದಶಕದಲ್ಲಿ ಆಕಾಶವಾಣಿ ಭಾರೀ ಶಕ್ತಿಯ ಕಿರುತರಂಗ ಪ್ರೇಷಕಗಳನ್ನು ಸ್ಥಾಪಿಸಿ, ದೂರದೇಶಗಳ ಕೇಳುಗರನ್ನು ಮುಟ್ಟಿತು. ಕಿರುತರಂಗದ ಕೇಂದ್ರಗಳನ್ನು ಹುಡುಕಿ ಕೇಳುವ ಹವ್ಯಾಸಿಗಳು ಕಾರ್ಯಕ್ರಮ ಚೆನ್ನಾಗಿತ್ತೆಂದು ಬರೆದು ಸುಮ್ಮನಾಗುವುದಿಲ್ಲ. ಕೇಳಿದ ದಿನ, ವೇಳೆ, ತರಂಗಾಂತರ, ಪ್ರಸಾರವಾದ ವಿಷಯ ಇವುಗಳ ಜೊತೆಗೆ ದನಿಯ ಬಲ, ಬೇರೆ ಕೇಂದ್ರದ ಅಡ್ಡಿ, ಗದ್ದಲ, ದನಿಯ ಏರಿಳಿತ, ಒಟ್ಟಾರೆ ಗುಣ ಈ ಐದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಟ್ಟು ವರದಿ ಕಳಿಸುತ್ತಾರೆ. ಕೇಂದ್ರದವರು ಅದನ್ನು ತಮ್ಮ ದಾಖಲೆಯೊಡನೆ ತಾಳೆ ನೋಡಿ, ಸರಿಯಿದ್ದರೆ ಕ್ಯೂಎಸ್‌ಎಲ್ ಎಂಬ ಹೆಸರಿನ ದೃಢೀಕರಣದ ಕಾರ್ಡನ್ನು ಮರಳಿ ಅಂಚೆಗೆ ಹಾಕುತ್ತಾರೆ. ಪ್ರೇಷಕದ ಬಳಿ ಕೂತ ಎಂಜಿನಿಯರಿಗೆ ಕಾಣದ ಕೇಳುಗನೊಬ್ಬ ಕೊಟ್ಟ ಅಂಥ ವರದಿಯಲ್ಲಿ ಹೊಗಳಿಕೆಯ ಪದವೊಂದೂ ಇಲ್ಲದಿರಬಹುದು, ಆದರೂ ಅವರ ಕೆಲಸಕ್ಕೆ ಅದಕ್ಕಿಂತ ದೊಡ್ಡ ಮನ್ನಣೆ ಸಿಗುವುದು ಕಷ್ಟ.

ಮೆಚ್ಚುಗೆ ಏನನ್ನು ಮುಟ್ಟಬೇಕೆಂಬುದನ್ನು ಮನೋವಿಜ್ಞಾನವೂ ಪರೀಕ್ಷಿಸಿ ನೋಡಿದೆ. ಅಮೆರಿಕದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದನೆಯ ತರಗತಿಯ ಮಕ್ಕಳು ಮೊದಲ ಸುತ್ತಿನ ಸಮಸ್ಯೆಗಳನ್ನು ಬಿಡಿಸಿದ ಮೇಲೆ ಕೆಲವರನ್ನು ಜಾಣರೆಂದೂ ಕೆಲವರನ್ನು ಚೆನ್ನಾಗಿ ಶ್ರಮಪಟ್ಟಿದ್ದೀರೆಂದೂ ಹೊಗಳಿ, ಆನಂತರ ಎಲ್ಲರಿಗೂ ಕಠಿಣವಾದ ಸಮಸ್ಯೆಗಳನ್ನು ಕೊಡಲಾಯಿತು. ಜಾಣರೆನಿಸಿಕೊಂಡವರು ಸೋತಾಗ ಬೇಗ ಕೈಚೆಲ್ಲಿದರು. ಶ್ರಮಕ್ಕೆ ಮೆಚ್ಚುಗೆ ಪಡೆದವರು ಪಟ್ಟು ಬಿಡದೆ ಪ್ರಯತ್ನಿಸಿದರು. ಮಕ್ಕಳನ್ನು ಹೊಗಳಲೇಬಾರದೆಂಬ ಸುಭಾಷಿತದ ಭಯ ಪೂರ್ತಿ ಸುಳ್ಳಲ್ಲ, ಆದರೆ ಅದಕ್ಕೆ ಪರಿಹಾರ ಮೌನವಲ್ಲ ಎಂಬುದನ್ನು ಈ ಫಲಿತಾಂಶ ತೋರಿಸುತ್ತದೆ. ಲೆಕ್ಕದಲ್ಲಿ ಮಗು ನೂರಕ್ಕೆ ನೂರು ತೆಗೆದಾಗ ನೀನು ಬಲು ಬುದ್ಧಿವಂತ ಎನ್ನುವುದಕ್ಕಿಂತ, ತಪ್ಪಿದ ಲೆಕ್ಕವನ್ನು ಅಳಿಸಿ ಮೂರು ಸಲ ಮಾಡಿದೆಯಲ್ಲ, ಅದು ಚೆನ್ನಾಗಿತ್ತು ಎನ್ನುವುದು ಮಗುವಿನ ಕೈಗೆ ಮುಂದಿನ ಸಲಕ್ಕೂ ಒದಗುವ ಉಪಕರಣವೊಂದನ್ನು ಕೊಟ್ಟಂತೆ. ಎರಿಕಾ ಬೂತ್ಬಿ ಮತ್ತು ವನೆಸಾ ಬೋನ್ಸ್ ನಡೆಸಿದ ಮತ್ತೊಂದು ಸಂಶೋಧನೆ ದೊಡ್ಡವರಿಗೆ ಸಂಬಂಧಿಸಿದ್ದು. ತಮ್ಮ ಮೆಚ್ಚುಗೆಯಿಂದ ಎದುರಿನವರಿಗೆ ಆಗುವ ಸಂತೋಷವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ, ಅವರಿಗೆ ಆಗಬಹುದಾದ ಮುಜುಗರವನ್ನು ಹೆಚ್ಚು ಅಂದಾಜು ಮಾಡುತ್ತಾರೆ ಎಂಬುದು ಅದರಲ್ಲಿ ಕಂಡುಬಂತು. ಹೇಳಬೇಕೆನಿಸಿದರೂ ಹೇಳದೆ ಬಿಡುವ ಎಷ್ಟೋ ಮಾತುಗಳ ಹಿಂದೆ ಇಂಥ ತಪ್ಪು ಲೆಕ್ಕವೇ ಕೆಲಸ ಮಾಡುತ್ತಿರುತ್ತದೆ.

ಅಪರಿಚಿತರೇ ತುಂಬಿರುವ ನಗರದಲ್ಲಿ ಈ ಮಾತಿಗೆ ಇನ್ನೂ ಒಂದು ಪ್ರಯೋಜನವಿದೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಬೆಳಗಿನ ಹೊತ್ತು ಮೂಟೆ ಇಳಿಸುವ ಹಮಾಲರು, ಹೆಬ್ಬಾಳದ ಮೇಲುಸೇತುವೆಯ ದಟ್ಟಣೆಯಲ್ಲಿ ಬಸ್ಸನ್ನು ನಿಧಾನವಾಗಿ ನುಸುಳಿಸುವ ಬಿಎಂಟಿಸಿ ಚಾಲಕರು, ಆರ್.ಟಿ. ನಗರದ ಅಂಗಡಿ ಸಾಲಿನಲ್ಲಿ ಹಳೆಯ ಕೋಟನ್ನು ಹೊಸದರಂತೆ ಆಲ್ಟರ್ ಮಾಡಿಕೊಡುವ ದರ್ಜಿಗಳು, ತಮ್ಮ ಕೆಲಸ ಕೆಟ್ಟಾಗ ಬೈಗುಳ ಕೇಳುವವರೇ ಹೊರತು ಕೆಲಸ ನೆಟ್ಟಗಾದಾಗ ಮಾತು ಕೇಳುವವರಲ್ಲ. ಕನ್ನಡ, ತೆಲುಗು, ತಮಿಳು, ದಖನಿ ಉರ್ದು ಒಂದೇ ಬೀದಿಯಲ್ಲಿ ಬೆರೆಯುವ ಇಂಥ ಬಡಾವಣೆಗಳಲ್ಲಿ ಭೇಷ್, ಶಹಬ್ಬಾಸ್ ಎಂಬ ಮಾತುಗಳು ಎಲ್ಲರಿಗೂ ತಿಳಿಯುತ್ತವೆ. ಅಣ್ಣ, ಆ ತಿರುವಿನಲ್ಲಿ ಸ್ಕೂಟರಿನವರನ್ನು ಕಂಡು ನಿಲ್ಲಿಸಿದಿರಲ್ಲ, ಒಳ್ಳೆಯದಾಯಿತು ಎಂದು ಇಳಿಯುವಾಗ ಚಾಲಕರಿಗೆ ಹೇಳಲು ವ್ಯಾಕರಣಶುದ್ಧಿಯೂ ಬೇಕಿಲ್ಲ. ಹೀಗೆ ಹೇಳಿದ ಮಾತಿನಿಂದ ಒಂದು ಒಳ್ಳೆಯ ಪದ್ಧತಿ ಗಟ್ಟಿಯಾಗುತ್ತದೆ: ಯಾವುದನ್ನು ಜನ ಗುರುತಿಸುತ್ತಾರೋ ಅದನ್ನೇ ಮಾಡಲು ಮನಸ್ಸು ಒಲಿಯುತ್ತದೆ. ಜಿಕೆವಿಕೆ ಆವರಣದಲ್ಲಿ ಕೃಷಿ ವಿಶ್ವವಿದ್ಯಾನಿಲಯ ಪ್ರತಿವರ್ಷ ನಡೆಸುವ ಕೃಷಿಮೇಳದಲ್ಲಿ ಪ್ರಗತಿಪರ ರೈತರನ್ನೂ ರೈತ ಮಹಿಳೆಯರನ್ನೂ ಕರೆದು ಸನ್ಮಾನಿಸುವಾಗ, ಅವರು ಬೆಳೆದದ್ದೇನು, ಅನುಸರಿಸಿದ ಕ್ರಮವೇನು ಎಂಬುದು ನೆರೆದ ಉಳಿದ ರೈತರಿಗೂ ಪಾಠವಾಗುತ್ತದೆ.

ಆದರೂ ಮೆಚ್ಚುಗೆಗೆ ಮಿತಿಗಳಿವೆ, ಅವುಗಳನ್ನು ಮರೆತರೆ ಒಳ್ಳೆಯ ಮಾತೂ ಕಪಟವಾಗುತ್ತದೆ. ಮೊದಲನೆಯ ಮಿತಿ ಹಣಕಾಸಿನದು. ಸೆಪ್ಟೆಂಬರ್ 23ನ್ನು ಕರ್ನಾಟಕದಲ್ಲಿ ಪೌರಕಾರ್ಮಿಕರ ದಿನವಾಗಿ ಆಚರಿಸಿ, ನಸುಕಿನಲ್ಲಿ ಬೀದಿ ಗುಡಿಸುವವರಿಗೆ ಹಾರ ಹಾಕಿ ಗೌರವಿಸಲಾಗುತ್ತದೆ. 2022ರ ಜುಲೈನಲ್ಲಿ ಅದೇ ಪೌರಕಾರ್ಮಿಕರು ರಾಜ್ಯದಾದ್ಯಂತ ಕೆಲಸ ನಿಲ್ಲಿಸಿ ಕೇಳಿದ್ದು ಹಾರವನ್ನಲ್ಲ, ಕೆಲಸದ ಕಾಯಮಾತಿಯನ್ನು. ಸಲ್ಲಬೇಕಾದ ಸಂಬಳವನ್ನೂ ರಜೆಯನ್ನೂ ಕೊಡದವರ ಬಾಯಿಂದ ಬಂದ ಹೊಗಳಿಕೆ ಸಾಲ ತೀರಿಸದವನು ಹೇಳುವ ಕುಶಲೋಪರಿಗಿಂತ ಹೆಚ್ಚಿನದಲ್ಲ. ಎರಡನೆಯ ಮಿತಿ ಅಧಿಕಾರದ್ದು. ಮೇಲಿನವರು ಕೆಳಗಿನವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಅವರ ರೂಪ, ಉಡುಪುಗಳ ಬಗ್ಗೆ ಹೊಗಳತೊಡಗಿದರೆ, ಕೇಳುವವರು ನಕ್ಕರೂ ಕಷ್ಟ, ನಗದಿದ್ದರೂ ಕಷ್ಟ. ಆದ್ದರಿಂದ ಕೆಲಸದ ಜಾಗದಲ್ಲಿ ಮೆಚ್ಚುಗೆ ಕೆಲಸವನ್ನು ಕುರಿತೇ ಇರುವುದು ಲೇಸು. ಮೂರನೆಯದು, ಪರವಾಗಿಲ್ಲ, ನೀನೂ ಕಲಿತುಬಿಟ್ಟೆಯಲ್ಲ ಎಂಬಂಥ ಕೊಂಕು ಬೆರೆತ ಮಾತು. ಅದರಲ್ಲಿ ಇಂದಿನ ಮೆಚ್ಚುಗೆಗಿಂತ ನಿನ್ನೆಯ ತಾತ್ಸಾರವೇ ಎದ್ದು ಕಾಣುವುದರಿಂದ ಅದನ್ನು ಆಡದಿರುವುದೇ ಮೇಲು.

ಮೆಚ್ಚುಗೆಯನ್ನು ಹೇಳುವುದಕ್ಕೆ ಒಂದು ಕ್ರಮವಿರುವಂತೆ ಸ್ವೀಕರಿಸುವುದಕ್ಕೂ ಒಂದಿದೆ. ಸೀರೆ ಚೆನ್ನಾಗಿದೆ ಎಂದರೆ ಅಯ್ಯೋ, ಇದು ಹಳೆಯದು ಎಂದೂ, ಹಾಡು ಚೆನ್ನಾಗಿತ್ತು ಎಂದರೆ ಗಂಟಲು ಸರಿಯಿರಲಿಲ್ಲ ಎಂದೂ, ಮಗನಿಗೆ ಕೆಲಸ ಸಿಕ್ಕಿತಂತೆ ಎಂದರೆ ಎಲ್ಲಾ ದೇವರ ದಯೆ ಎಂದೂ ಉತ್ತರ ಬರುವುದು ವಾಡಿಕೆ. ಮಾತುಕತೆಯ ಸ್ವರೂಪವನ್ನು ಅಧ್ಯಯನ ಮಾಡಿದ ಅಮೆರಿಕದ ಅನಿತಾ ಪಾಮರಾಂಟ್ಸ್ 1978ರಲ್ಲಿ ಇದರ ಕಾರಣವನ್ನು ವಿವರಿಸಿದರು: ಹೊಗಳಿಸಿಕೊಂಡವರ ಮೇಲೆ ಹೇಳಿದವರ ಮಾತನ್ನು ಒಪ್ಪಬೇಕೆಂಬ ಒತ್ತಡವೂ, ತಮ್ಮನ್ನು ತಾವೇ ಹೊಗಳಿಕೊಳ್ಳಬಾರದೆಂಬ ಒತ್ತಡವೂ ಒಟ್ಟಿಗೇ ಬೀಳುತ್ತವೆ. ಇವೆರಡರ ನಡುವೆ ಕನ್ನಡದ ಮನೆಗಳು ವಿನಯದ ಕಡೆಗೇ ವಾಲುತ್ತವೆ. ಆ ವಿನಯ ಸಹಜವೇ ಆದರೂ, ಹೇಳಿದ್ದನ್ನು ಪೂರ್ತಿ ತಳ್ಳಿಹಾಕಿದರೆ ಹೇಳಿದವರು ಸುಳ್ಳಾಡಿದರೆಂಬ ಅರ್ಥ ಬಂದು, ಅವರು ಮುಂದೆ ಬಾಯಿಬಿಡಲು ಹಿಂಜರಿಯುತ್ತಾರೆ. ನೀವು ಗಮನಿಸಿದ್ದು ಸಂತೋಷ ಎಂದಷ್ಟೇ ಹೇಳುವುದರಿಂದ ವಿನಯಕ್ಕೂ ಭಂಗವಿಲ್ಲ, ಹೇಳಿದವರಿಗೂ ಅವಮಾನವಿಲ್ಲ.

ಒಟ್ಟಿನಲ್ಲಿ ಮೆಚ್ಚುಗೆ ಮೊದಲು ಕಣ್ಣಿನ ಕೆಲಸ, ಆಮೇಲೆ ನಾಲಿಗೆಯದು. ಮತ್ತೊಬ್ಬರಲ್ಲಿ ಮೆಚ್ಚಬೇಕಾದ್ದನ್ನು ದಿನವೂ ಹುಡುಕುವವರು ಆ ಕೆಲಸದ ಕಷ್ಟವನ್ನೂ ಅದರ ಹದವನ್ನೂ ಅರಿಯುತ್ತಾ ಹೋಗುತ್ತಾರೆ, ಹಾಗೆ ಅರಿತವರ ಟೀಕೆಗೂ ಜನ ಕಿವಿಗೊಡುತ್ತಾರೆ. ನಿವೃತ್ತಿಯ ದಿನ ಶಾಲು ಹೊದಿಸಿ ಫಲತಾಂಬೂಲ ಕೊಡುವ ಸಮಾರಂಭದಲ್ಲಿ ಮೂವತ್ತು ವರ್ಷಗಳ ಸಹೋದ್ಯೋಗಿಗಳು ಒಬ್ಬರ ಮೇಲೊಬ್ಬರು ಎದ್ದು ಹೇಳುವ ಒಳ್ಳೆಯ ಸಂಗತಿಗಳಲ್ಲಿ ಬಹುಪಾಲು ಅವು ನಡೆದ ವಾರದಲ್ಲೇ ಹೇಳಬಹುದಾದವು. ಆಗ ಹೇಳಿದ್ದರೆ ಕೇಳಿದವರಿಗೆ ಅದರಿಂದ ಮತ್ತಷ್ಟು ಒಳ್ಳೆಯ ಕೆಲಸ ಮಾಡಲು ವರ್ಷಗಳೇ ಮುಂದಿರುತ್ತಿದ್ದವು.